‘ನನ್ನದಲ್ಲ’ ಎಂಬ ಉತ್ತರ

ಕೀಲಿಮಣೆ, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಮೊದಲಾದ ಸಾಧನಗಳು ಪ್ರೊಸೆಸರಿನ ಗಮನ ಸೆಳೆಯಲು ಕಳುಹಿಸುವ ಕರೆಗೆ ಇಂಟರಪ್ಟ್ ಎಂದು ಹೆಸರು. 1981ರ ಐಬಿಎಂ ಪಿಸಿಯಲ್ಲಿ ಇಂಥ ಕರೆಗಳಿಗಿದ್ದದ್ದು 8 ತಂತಿಗಳು ಮಾತ್ರ. ಮುಂದೆ ಸಾಧನಗಳು ಹೆಚ್ಚಿದಷ್ಟು ತಂತಿಗಳು ಹೆಚ್ಚಲಿಲ್ಲ. ಹೀಗಾಗಿ ಪಿಸಿಐ ಕಾಲದಲ್ಲಿ ಹಲವು ಸಾಧನಗಳು ಒಂದೇ ತಂತಿಯನ್ನು ಹಂಚಿಕೊಳ್ಳಬೇಕಾಯಿತು. ಚಾಳಿನ ಹತ್ತು ಮನೆಗಳಿಗೆ ಒಂದೇ ಕರೆಗಂಟೆ ಇದ್ದ ಹಾಗೆ.

ಲಿನಕ್ಸ್ ಕರ್ನೆಲ್ಲಿನಲ್ಲಿ ಪ್ರತಿ ಸಾಧನದ ಡ್ರೈವರ್ ತನ್ನ ತಂತಿಯನ್ನು ಕೇಳಿ ಪಡೆಯುತ್ತದೆ. ಹಂಚಿಕೊಳ್ಳಲು ಒಪ್ಪಿಗೆಯಿದೆಯೆಂದು ಆಗಲೇ ತಿಳಿಸಬೇಕು. ಒಬ್ಬರು ಒಪ್ಪದಿದ್ದರೂ ಹಂಚಿಕೆಯಿಲ್ಲ. ಕರೆ ಬಂದಾಗ ಕರ್ನೆಲ್ ಆ ತಂತಿಯ ಎಲ್ಲ ಡ್ರೈವರುಗಳನ್ನೂ ವಿಚಾರಿಸುತ್ತದೆ. ಪ್ರತಿಯೊಂದೂ ತನ್ನ ಸಾಧನದ ಸ್ಥಿತಿಯನ್ನು ಓದಿ ‘ನನ್ನದು’ ಅಥವಾ ‘ನನ್ನದಲ್ಲ’ ಎನ್ನಬೇಕು. ಇಡೀ ಏರ್ಪಾಡು ನಿಂತಿರುವುದು ಈ ಉತ್ತರದ ಸತ್ಯದ ಮೇಲೆ.

ಏನನ್ನೂ ಪರಿಶೀಲಿಸದೆ ಸದಾ ‘ನನ್ನದು’ ಎಂದುಬಿಡುವ ಡ್ರೈವರುಗಳನ್ನು ಬರೆಯುವವರಿದ್ದಾರೆ. ಬರೆದವರ ಮೇಜಿನ ಮೇಲೆ ಅದು ಚೆನ್ನಾಗಿಯೇ ನಡೆಯುತ್ತದೆ. ಇದನ್ನು ಸಣ್ಣ ಲೋಪವೆಂದು ನಾನು ಎಣಿಸಲಾರೆ. ಕರ್ನೆಲ್ಲಿನಲ್ಲಿ ಒಂದು ಕಾವಲಿದೆ: 1,00,000 ಕರೆಗಳಲ್ಲಿ 99,900ಕ್ಕಿಂತ ಹೆಚ್ಚು ಕರೆಗಳನ್ನು ಯಾರೂ ತಮ್ಮದೆನ್ನದಿದ್ದರೆ, ‘ಯಾರೂ ಲಕ್ಷಿಸಲಿಲ್ಲ’ ಎಂಬರ್ಥದ ಸಂದೇಶ ಬರೆದು ಅದು ಆ ತಂತಿಯನ್ನೇ ಮುಚ್ಚುತ್ತದೆ. (ಕರ್ನೆಲ್ಲಿನ ಸಂದೇಶಗಳಲ್ಲಿ ಇಷ್ಟು ವಿಷಾದದ್ದನ್ನು ನಾನು ಬೇರೆ ಕಂಡಿಲ್ಲ.) ಅದೇ ತಂತಿಯ ಡಿಸ್ಕ್ ಆಗ ಕುಂಟಬಹುದು, ನಿಜ, ಆದರೆ ಯಂತ್ರ ಉಳಿಯುತ್ತದೆ, ದೋಷವಿರುವುದು ಗೊತ್ತಾಗುತ್ತದೆ. ಸುಳ್ಳಾಡುವ ಡ್ರೈವರ್ ಈ ಕಾವಲಿನ ಕಣ್ಣಿಗೇ ಬಟ್ಟೆ ಕಟ್ಟುತ್ತದೆ. ನಿಜವಾಗಿ ಕರೆದ ಸಾಧನಕ್ಕೆ ಓಗೊಡುವವರಿಲ್ಲದೆ ಗಂಟೆ ಬಡಿಯುತ್ತಲೇ ಇರುತ್ತದೆ, ಪ್ರೊಸೆಸರ್ ಅದರಲ್ಲೇ ಮುಳುಗುತ್ತದೆ, ಲಾಗಿನಲ್ಲಿ ಕಾರಣದ ಸುಳಿವೂ ಸಿಗುವುದಿಲ್ಲ. ಬೈಗುಳವೆಲ್ಲ ನೆರೆಯ ನಿರಪರಾಧಿ ಡ್ರೈವರಿಗೆ.

ತಂತಿಯ ಬದಲು ಸಂದೇಶ ಕಳುಹಿಸುವ ಎಂಎಸ್‌ಐ ಪದ್ಧತಿ ಬಂದ ಮೇಲೆ ಈ ಚಿಂತೆ ಹಳತಾಯಿತೆಂಬ ವಾದವಿದೆ. ಎಂಎಸ್‌ಐ-ಎಕ್ಸ್‌ನಲ್ಲಿ ಒಂದೇ ಸಾಧನ 2048ರವರೆಗೆ ಪ್ರತ್ಯೇಕ ಇಂಟರಪ್ಟುಗಳನ್ನು ಹೊಂದಬಲ್ಲದು, ಒಪ್ಪುತ್ತೇನೆ. ಆದರೆ ಅದು ದೊರೆಯದ ಯಂತ್ರದಲ್ಲಿ ಎಷ್ಟೋ ಡ್ರೈವರುಗಳು ಮರಳುವುದು ಹಳೆಯ ತಂತಿಗೇ. ಅಪರೂಪಕ್ಕೆ ತುಳಿಯುವ ಆ ದಾರಿಯಲ್ಲೇ ಪರೀಕ್ಷೆ ಕಡಿಮೆ.

ಆದ್ದರಿಂದ, ಹಂಚಿಕೊಳ್ಳುತ್ತೇನೆಂದು ಹೇಳಿಕೊಂಡ ಡ್ರೈವರ್ ಕೈಗೆ ಬಂದರೆ ಪರಿಶೀಲಕರು ಮೊದಲು ಹುಡುಕಬೇಕಾದದ್ದು ‘ನನ್ನದಲ್ಲ’ ಎಂಬ ಉತ್ತರವನ್ನು. ಅದು ಕಾಣದಿದ್ದರೆ ಉಳಿದದ್ದನ್ನು ಓದದೆ ಹಿಂದಿರುಗಿಸಲಿ.