ವೀಸಾ ಕೈಯಲ್ಲಿದೆ, ಮಗುವಿನ ಶಾಲೆ ಎಲ್ಲಿದೆ?

ಮಂಗಳೂರು ವಿಮಾನ ನಿಲ್ದಾಣದಲ್ಲಿ ಕಾಣಸಿಗುವ ಈ ದೃಶ್ಯ ನಮಗಾರಿಗೂ ಹೊಸದಲ್ಲ. ಗಲ್ಫ್‌ನಲ್ಲಿ ವರ್ಷಗಟ್ಟಲೆ ಒಂಟಿಯಾಗಿ ದುಡಿದ ಯುವಕನೊಬ್ಬನಿಗೆ ಕೊನೆಗೂ ಕುಟುಂಬ ವೀಸಾ ದೊರೆತಿದೆ. ಹೆಂಡತಿ ಮತ್ತು ಮಕ್ಕಳು ಹೊರಟು ನಿಂತಿದ್ದಾರೆ. ಪೆಟ್ಟಿಗೆಯೊಳಗಿನ ಕುಚ್ಚಲಕ್ಕಿ, ಉಪ್ಪಿನಕಾಯಿ, ಒಣಮೀನುಗಳನ್ನೆಲ್ಲ ತೂಗಿ ನೋಡಿ ತುಂಬಿಸಲಾಗಿದೆ. ಎರಡು ಕಿಲೋ ಹೆಚ್ಚಾದರೆ ಎಷ್ಟು ತೆರಬೇಕಾಗುತ್ತದೆಂಬುದೂ ಮನೆಯವರಿಗೆ ತಿಳಿದಿದೆ. ಆದರೆ ತಾಯಿಯ ಕೈಹಿಡಿದು ನಿಂತಿರುವ ಆ ಏಳು ವರ್ಷದ ಮಗು ಅಲ್ಲಿ ಯಾವ ಶಾಲೆಗೆ ಸೇರುತ್ತದೆ, ಯಾವ ಪಠ್ಯಕ್ರಮದಲ್ಲಿ ಕಲಿಯುತ್ತದೆ, ಶುಲ್ಕವೆಷ್ಟು ಎಂದು ಕೇಳಿ ನೋಡಿ. 'ಹೋದ ಮೇಲೆ ನೋಡುವಾ' ಎಂಬ ಉತ್ತರ ಬರುತ್ತದೆ. ಪೆಟ್ಟಿಗೆಗೆ ಸಿಕ್ಕಿದಷ್ಟು ಲೆಕ್ಕಾಚಾರವೂ ಮಗುವಿಗೆ ಸಿಗಲಿಲ್ಲ.

ಕುಟುಂಬವನ್ನು ಕರೆದೊಯ್ಯಬಾರದೆಂದು ನಾವು ಹೇಳುತ್ತಿಲ್ಲ. ಪತಿ ಒಂದು ದೇಶದಲ್ಲಿ, ಪತ್ನಿ ಇನ್ನೊಂದು ದೇಶದಲ್ಲಿ ಯೌವನವನ್ನು ಕಳೆಯುವುದು, ಮಕ್ಕಳು ತಂದೆಯನ್ನು ಫೋನಿನಲ್ಲಿ ಮಾತ್ರ ಬಲ್ಲವರಾಗಿ ಬೆಳೆಯುವುದು ಸಣ್ಣ ಅನ್ಯಾಯವೇನಲ್ಲ. ನಮ್ಮ ತಕರಾರಿರುವುದು ಹೋಗುವುದರ ಬಗ್ಗೆಯಲ್ಲ, ತಿಳಿಯದೆ ಹೋಗುವುದರ ಬಗ್ಗೆ.

ಬ್ರಿಟನ್‌ನಲ್ಲಿಯೋ ಕೆನಡಾದಲ್ಲಿಯೋ ಕೆಲಸದ ಪರವಾನಿಗೆಯೊಂದಿಗೆ ನೆಲೆಸುವ ಕುಟುಂಬದ ಮಕ್ಕಳಿಗೆ ಸಾಮಾನ್ಯವಾಗಿ ಅಲ್ಲಿನ ಸಾರ್ವಜನಿಕ ಶಾಲೆಯ ಬಾಗಿಲು ತೆರೆದಿರುತ್ತದೆ. ಗಲ್ಫ್‌ನಲ್ಲಿ ಹಾಗಿಲ್ಲ. ಅಲ್ಲಿನ ಸರಕಾರಿ ಶಾಲೆಗಳು ಅರಬಿ ಮಾಧ್ಯಮದವು ಮತ್ತು ಪ್ರಧಾನವಾಗಿ ಆ ದೇಶದ ಪ್ರಜೆಗಳಿಗಾಗಿ ಇರುವಂಥವು. ಆದ್ದರಿಂದ ನಮ್ಮ ಮಕ್ಕಳು ಹಣ ಕೊಟ್ಟು ಖಾಸಗಿ ಶಾಲೆಗಳಲ್ಲಿ ಅಥವಾ ಸೌದಿ ಅರೇಬಿಯಾದಲ್ಲಿರುವಂತೆ ಭಾರತೀಯ ರಾಯಭಾರ ಕಚೇರಿಯ ಪೋಷಣೆಯ ಶಾಲೆಗಳಲ್ಲಿ ಕಲಿಯಬೇಕಾಗುತ್ತದೆ. ಯುಎಇಯಲ್ಲಿ 2019ರಿಂದ ಕುಟುಂಬವನ್ನು ಕರೆಸಿಕೊಳ್ಳಲು ವೃತ್ತಿಗಿಂತ ವರಮಾನವೇ ಮಾನದಂಡವಾಯಿತು. ತಿಂಗಳಿಗೆ 4,000 ದಿರ್ಹಮ್ ಅಥವಾ ವಸತಿಯೊಂದಿಗೆ 3,000 ದಿರ್ಹಮ್ ಸಂಬಳವಿದ್ದರೆ ಸಾಕೆಂದಾಯಿತು. ಇದನ್ನು ಕೇಳಿ ನಮ್ಮ ಯುವಕರು ಹಿಗ್ಗಿದರು. ಆದರೆ ಆ ಮಿತಿ ವೀಸಾಕ್ಕೆ ಸಂಬಂಧಿಸಿದ್ದು. ಬಾಡಿಗೆ ತೆತ್ತು ಇಬ್ಬರು ಮಕ್ಕಳ ಶಾಲಾ ಶುಲ್ಕ, ಬಸ್ಸು, ಪುಸ್ತಕ, ಸಮವಸ್ತ್ರಗಳಿಗೆ ಆ ಸಂಬಳ ಸಾಲುತ್ತದೆಯೆಂದು ಯಾವ ಸರಕಾರವೂ ಭರವಸೆ ಕೊಟ್ಟಿಲ್ಲ. ಫೀಸು ಬಾಕಿಯಾದ ಮನೆಯಲ್ಲಿ ಮಗು ಮೊದಲು ಕಲಿಯುವ ಪಾಠ ಅವಮಾನದ್ದಾಗಿರುತ್ತದೆ.

ತಿಳಿದುಕೊಳ್ಳಲು ದಾರಿಯಿಲ್ಲವೆಂದೂ ಹೇಳುವಂತಿಲ್ಲ. ದುಬೈಯ ಖಾಸಗಿ ಶಾಲೆಗಳ ಮೇಲ್ವಿಚಾರಣೆ ನಡೆಸುವ ಕೆಎಚ್‌ಡಿಎ ಎಂಬ ಸರಕಾರಿ ಸಂಸ್ಥೆಯು ಶಾಲೆಗಳ ಅನುಮೋದಿತ ಶುಲ್ಕವನ್ನು ಬಹಿರಂಗವಾಗಿಯೇ ಪ್ರಕಟಿಸುತ್ತದೆ. ಅದು ವರ್ಷಗಳಿಂದ ನಡೆಸಿದ ತಪಾಸಣೆಗಳ ವರದಿಗಳು ಯಾವ ಶಾಲೆ ಅತ್ಯುತ್ತಮ, ಯಾವುದು ಬರೀ ಸ್ವೀಕಾರಾರ್ಹ, ಯಾವುದು ದುರ್ಬಲ ಎಂಬುದನ್ನು ತಿಳಿಸುತ್ತವೆ. ಹೊಸ ಮೊಬೈಲ್ ಕೊಳ್ಳುವ ಮುನ್ನ ಹತ್ತು ಮಂದಿಯಲ್ಲಿ ವಿಚಾರಿಸುವ ನಾವು ಈ ವರದಿಗಳನ್ನು ತೆರೆದು ನೋಡಿದ್ದೇವೆಯೇ?

ಇನ್ನೊಂದು ಭ್ರಮೆಯಿದೆ. 'ಅಲ್ಲಿ ಇಸ್ಲಾಮೀ ವಾತಾವರಣವಿದೆ, ದೀನ್ ತಾನಾಗಿಯೇ ಬರುತ್ತದೆ' ಎಂಬುದು. ಯುಎಇಯ ಖಾಸಗಿ ಶಾಲೆಗಳಲ್ಲಿ ಮುಸ್ಲಿಮ್ ಮಕ್ಕಳಿಗೆ ಇಸ್ಲಾಮೀ ಶಿಕ್ಷಣ ಕಡ್ಡಾಯ. ಅರಬಿಯೇತರ ಮಕ್ಕಳೂ ಅರಬಿ ಭಾಷೆಯನ್ನು ಕಲಿಯಬೇಕು. ಸಂತೋಷವೇ. ಆದರೆ ಮದ್ರಸದಲ್ಲಿ ಕಲಿತ ನಾವು ಅನುಭವದಿಂದ ಹೇಳಬಲ್ಲೆವು: ವಾರದ ಕೆಲವು ಪೀರಿಯಡ್‌ಗಳಿಂದ ತರ್ಬಿಯತ್ ಆಗುವುದಿಲ್ಲ. ಅದು ಮನೆಯ ಹೊಣೆ. ಅರಬ್ ನೆಲದಲ್ಲಿದ್ದೇವೆಂಬ ನೆಮ್ಮದಿಯು ಆ ಹೊಣೆಯಿಂದ ತಪ್ಪಿಸಿಕೊಳ್ಳುವ ನೆಪವಾಗಬಾರದು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಮರಳುವಿಕೆಯದ್ದು. ಗಲ್ಫ್ ನಮಗೆ ಪೌರತ್ವ ಕೊಡುವುದಿಲ್ಲ. ಎಂದಾದರೊಂದು ದಿನ ಮರಳಲೇಬೇಕು, ಆ ದಿನವನ್ನು ನಿರ್ಧರಿಸುವವರು ಹೆಚ್ಚಾಗಿ ನಾವಲ್ಲ. 1990ರಲ್ಲಿ ಕುವೈತ್ ಆಕ್ರಮಣಕ್ಕೊಳಗಾದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ತಾಯ್ನಾಡಿಗೆ ಮರಳಿದರು. 2017ರ ಜುಲೈಯಲ್ಲಿ ಸೌದಿ ಸರಕಾರವು ಪ್ರತಿಯೊಬ್ಬ ಅವಲಂಬಿತನಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ವರ್ಷಂಪ್ರತಿ ಹೆಚ್ಚುತ್ತಾ 2020ರಲ್ಲಿ ಅದು 400 ರಿಯಾಲ್‌ಗೆ ತಲುಪಿತು. ಹೆಂಡತಿ ಮತ್ತು ಮೂವರು ಮಕ್ಕಳಿರುವ ಕುಟುಂಬಕ್ಕೆ ವರ್ಷಕ್ಕೆ 19,200 ರಿಯಾಲ್! ಕರಾವಳಿಯ ಅದೆಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿದವು. 2020ರಲ್ಲಿ ಕೊರೋನಾ ಮತ್ತಷ್ಟು ಮಂದಿಯನ್ನು ಮರಳಿಸಿತು. ಹಿರಿಯರು ಮರಳಿ ಬಂದು ಅಂಗಡಿಯಿಟ್ಟರು. ಮಕ್ಕಳು?

ಅಲ್ಲಿನ ಸಿಬಿಎಸ್‌ಇ ಶಾಲೆಗಳ ವರ್ಷಾರಂಭ ಎಪ್ರಿಲ್‌ನಲ್ಲಿ; ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳದ್ದು ಮೇ ಕೊನೆಗೆ ಅಥವಾ ಜೂನ್‌ನಲ್ಲಿ. ಬ್ರಿಟಿಷ್ ಪಠ್ಯಕ್ರಮದ್ದಾದರೆ ಆಗಸ್ಟ್ ಅಥವಾ ಸೆಪ್ಟೆಂಬರ್. ಸಿಬಿಎಸ್‌ಇಯಲ್ಲಿ 9 ಮತ್ತು 11ನೇ ತರಗತಿಗಳಲ್ಲೇ ವಿದ್ಯಾರ್ಥಿಯ ಹೆಸರು ಮಂಡಳಿಯಲ್ಲಿ ನೋಂದಣಿಯಾಗುವುದರಿಂದ 10 ಮತ್ತು 12ಕ್ಕೆ ನೇರ ಪ್ರವೇಶ ಸುಲಭಸಾಧ್ಯವಲ್ಲ. ಅಲ್ಲಿ ಹಿಂದಿ, ಉರ್ದು ಅಥವಾ ಮಲಯಾಳಂ ಕಲಿತ ಮಗುವನ್ನು ಇಲ್ಲಿ ಕನ್ನಡ ಎದುರುಗೊಳ್ಳುತ್ತದೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯು ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿದೆ. ವಿನಾಯಿತಿಗೆ ಅರ್ಜಿ ಹಾಕಬಹುದೆನ್ನುವವರಿದ್ದಾರೆ. ಪರೀಕ್ಷೆಯಿಂದ ವಿನಾಯಿತಿ ಸಿಕ್ಕೀತು, ಸ್ವಂತ ಊರಿನಲ್ಲಿ ಮೂಕನಾಗಿರುವುದರಿಂದ ಸಿಕ್ಕೀತೇ?

ಇನ್ನು ಸಿಇಟಿಯ ವಿಷಯ. ಕರ್ನಾಟಕದ ಅಭ್ಯರ್ಥಿಯಾಗಿ ಸರಕಾರಿ ಸೀಟಿಗೆ ಅರ್ಹನಾಗಲು ಇರುವ ಮುಖ್ಯ ನಿಯಮವೆಂದರೆ, ಒಂದರಿಂದ ಹನ್ನೆರಡನೇ ತರಗತಿಯವರೆಗಿನ ವ್ಯಾಸಂಗದಲ್ಲಿ ಕನಿಷ್ಠ 7 ವರ್ಷ ರಾಜ್ಯದಲ್ಲೇ ಓದಿರಬೇಕು ಮತ್ತು ಹತ್ತು ಅಥವಾ ಹನ್ನೆರಡನ್ನು ಇಲ್ಲೇ ಉತ್ತೀರ್ಣನಾಗಿರಬೇಕು. ಹೆತ್ತವರ ವ್ಯಾಸಂಗ ಮುಂತಾದವುಗಳನ್ನು ಆಧರಿಸಿದ ಬೇರೆ ಉಪನಿಯಮಗಳೂ ಇವೆ. ಅವುಗಳಿಗೆ ಅವುಗಳದೇ ಷರತ್ತುಗಳಿವೆ. ಮುಖ್ಯ ನಿಯಮವನ್ನೇ ಲೆಕ್ಕ ಹಾಕಿ ನೋಡಿ. ಎರಡನೇ ತರಗತಿ ಮುಗಿಸಿ ಹೋದ ಮಗು ಎಂಟನೇ ತರಗತಿಗೆ ಮರಳಿದರೆ ಏಳು ವರ್ಷ ತುಂಬುತ್ತದೆ. ಒಂಬತ್ತಕ್ಕೆ ಮರಳಿದರೆ ಆರೇ ವರ್ಷ. ಒಂದು ವರ್ಷದ ಅಜ್ಞಾನಕ್ಕೆ ತೆರಬೇಕಾದ ಬೆಲೆಯನ್ನು ಮ್ಯಾನೇಜ್‌ಮೆಂಟ್ ಸೀಟಿಗೆ ಜಮೀನು ಮಾರಿದವರಲ್ಲಿ ಕೇಳಬೇಕು.

2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರವು ಮುಸ್ಲಿಮರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಪಡಿಸಲು ಹೊರಟಾಗ ನಾವು ಪ್ರತಿಭಟಿಸಿದೆವು, ನ್ಯಾಯಾಲಯದ ಮೆಟ್ಟಲೇರಿದೆವು. ಅದು ಸರಿಯಾದ ಹೋರಾಟವೇ. ಆದರೆ ಆ ಮೀಸಲಾತಿಯ ಬಾಗಿಲವರೆಗೆ ತಲುಪುವ ಅರ್ಹತೆಯನ್ನೇ ನಮ್ಮ ಮಕ್ಕಳಿಂದ ನಾವು ಕೈಯಾರೆ ಕಸಿದುಕೊಂಡರೆ, ಯಾರ ವಿರುದ್ಧ ಘೋಷಣೆ ಕೂಗೋಣ?

ಹೀಗೆ ಅತಂತ್ರವಾಗುವ ಮಕ್ಕಳಲ್ಲಿ ಮೊದಲು ಶಾಲೆ ಬಿಡುವವಳು ಹುಡುಗಿ. ಹುಡುಗನಿಗೆ ಟ್ಯೂಷನ್ ಹುಡುಕುತ್ತಾರೆ, ಹುಡುಗಿಗೆ ವರನನ್ನು ಹುಡುಕುತ್ತಾರೆ. ಇದಕ್ಕೆ ಧರ್ಮದ ಹೆಸರನ್ನು ಬೇರೆ ಕೊಡುತ್ತಾರೆ.

'ರಿಝ್ಕ್ ಕೊಡುವವನು ಅಲ್ಲಾಹನು, ಮಕ್ಕಳ ದಾರಿಯನ್ನೂ ಅವನೇ ತೋರಿಸುತ್ತಾನೆ' ಎಂದು ವಾದಿಸುವವರಿಗೆ ನಾವು ಪ್ರವಾದಿ(ಸ)ರ ಬೋಧನೆಯನ್ನೇ ನೆನಪಿಸುತ್ತೇವೆ: ಒಂಟೆಯನ್ನು ಕಟ್ಟಿಹಾಕಿದ ನಂತರದ್ದೇ ತವಕ್ಕುಲ್. ಮಕ್ಕಳು ನಮ್ಮ ಆಸ್ತಿಯಲ್ಲ, ಅಮಾನತ್. ಅಮಾನತನ್ನು ಹೊತ್ತು ಪ್ರಯಾಣಿಸುವವನು ದಾರಿಯನ್ನು ವಿಚಾರಿಸಿಕೊಳ್ಳಬೇಕು.

ಹೊಣೆ ಹೆತ್ತವರದು ಮಾತ್ರವಲ್ಲ. ಗಲ್ಫ್‌ನಲ್ಲಿ ನಮ್ಮ ಸಂಘಟನೆಗಳಿಗೆ ಕೊರತೆಯಿಲ್ಲ. ಇಫ್ತಾರ್ ಕೂಟ, ಕ್ರೀಡಾಕೂಟ, ಸನ್ಮಾನಗಳಿಗೂ ಕೊರತೆಯಿಲ್ಲ. ಕುಟುಂಬವನ್ನು ಕರೆಸಿಕೊಳ್ಳುವವನಿಗೆ ಶಾಲೆ, ಶುಲ್ಕ ಮತ್ತು ದಾಖಲೆಗಳ ಮಾಹಿತಿ ನೀಡುವ ಒಂದು ಮೇಜು, ಒಬ್ಬ ಸ್ವಯಂಸೇವಕನನ್ನು ಇರಿಸಲು ಎಷ್ಟು ಖರ್ಚಾದೀತು? ದುಬೈಯಲ್ಲಿ ಕನ್ನಡಿಗರು ಸ್ವಯಂಸೇವೆಯಿಂದ ಕನ್ನಡ ಪಾಠಶಾಲೆಯನ್ನು ನಡೆಸಬಲ್ಲರೆಂದಾದರೆ ಅದು ಉಳಿದ ಕಡೆ ಏಕೆ ಸಾಧ್ಯವಿಲ್ಲ? ನೆರೆಯ ಕೇರಳವು 1996ರಲ್ಲೇ ಅನಿವಾಸಿಗಳಿಗಾಗಿ ನೋರ್ಕಾ ಇಲಾಖೆಯನ್ನು ಸ್ಥಾಪಿಸಿತು. ತನ್ನ ಎಸೆಸೆಲ್ಸಿ ಪರೀಕ್ಷೆಯನ್ನು ಯುಎಇಯಲ್ಲೂ ನಡೆಸುತ್ತದೆ. ನಾವು ನಮ್ಮ ಸರಕಾರದೊಡನೆ ಇಂಥ ಯಾವ ಬೇಡಿಕೆಯನ್ನಿಟ್ಟು ಪಟ್ಟುಹಿಡಿದಿದ್ದೇವೆ?

ಊರಿನ ಜಮಾಅತ್‌ಗಳು, ಖತೀಬರು ಕೂಡ ಈ ಕುರಿತು ಮಾತನಾಡಲಿ. ವೀಸಾ ಬಂತೆಂದು ದುಆ ಮಾಡಿಸಲು ಮಸೀದಿಗೆ ಬರುವ ಯುವಕನಲ್ಲಿ ಉಸ್ತಾದರು ಮೂರು ಪ್ರಶ್ನೆಗಳನ್ನು ಕೇಳಲಿ. ಮಗುವಿಗೆ ಶಾಲೆಯಲ್ಲಿ ಸೀಟು ಖಚಿತವಾಗಿದೆಯೇ? ವರ್ಷದ ಶುಲ್ಕವನ್ನು ಸಂಬಳದಿಂದ ಕಳೆದು ನೋಡಿದ್ದೀಯಾ? ಯಾವ ತರಗತಿಗೆ ಮರಳಿಸುತ್ತೀ? ಈ ಮೂರಕ್ಕೂ ಉತ್ತರವಿರುವವನು ನಿಶ್ಚಿಂತೆಯಿಂದ ವಿಮಾನ ಏರಲಿ. ಉತ್ತರವಿಲ್ಲದವನು ಟಿಕೆಟನ್ನು ಒಂದು ತಿಂಗಳು ಮುಂದೂಡಲಿ. ತಡವಾದ ಪ್ರಯಾಣಕ್ಕೆ ಇನ್ನೊಂದು ವಿಮಾನವಿದೆ. ಕಳೆದುಹೋದ ಶಾಲಾ ವರ್ಷಕ್ಕೆ ಅಂಥ ಅವಕಾಶವಿಲ್ಲ.