ದುರ್ಬೀನಿನ ಮೂರನೆಯ ಕಣ್ಣು

ಚಿಕ್ಕಬಳ್ಳಾಪುರದ ಪಕ್ಕದ ಕಳವಾರ. ಸ್ಕಂದಗಿರಿ ಎಂದು ಈಗ ಎಲ್ಲರ ಬಾಯಲ್ಲಿರುವ ಕಳವಾರ ದುರ್ಗದ ಬುಡದಲ್ಲಿ ಒಬ್ಬ ತಂದೆ, ಹೈಸ್ಕೂಲು ಓದುವ ಅವನ ಮಗ ನಿಂತಿದ್ದಾರೆ ಎಂದಿಟ್ಟುಕೊಳ್ಳಿ. ಹುಡುಗನ ಕೊರಳಲ್ಲಿ ಹೊಸ ದುರ್ಬೀನು. ಬರೀ ದುರ್ಬೀನಲ್ಲ, ಹೊಟ್ಟೆಯೊಳಗೇ ಡಿಜಿಟಲ್ ಕ್ಯಾಮೆರಾ ಇಟ್ಟುಕೊಂಡ ದುರ್ಬೀನು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದದ್ದಕ್ಕೆ ಸಿಕ್ಕ ಉಡುಗೊರೆ. ಬಂಡೆಯ ಸಂದಿನ ಪೊದೆಯ ಮೇಲೆ ಹಕ್ಕಿಯೊಂದು ಬಂದು ಕೂರುತ್ತದೆ. ಹುಡುಗ ದುರ್ಬೀನು ಕಣ್ಣಿಗಿಟ್ಟು ಗುಂಡಿ ಒತ್ತುತ್ತಾನೆ. ಹಕ್ಕಿ ಹಾರಿಹೋಗುತ್ತದೆ. ಇಬ್ಬರೂ ಹಿಂಬದಿಯ ಪುಟ್ಟ ಪರದೆಯನ್ನು ನೋಡುತ್ತಾರೆ.

"ಎಲ್ಲೋ ಹಕ್ಕಿ? ಬರೀ ಕಲ್ಲು ಕಾಣ್ತದೆ."

"ಇಲ್ಲೇ ಇತ್ತಪ್ಪ. ಹಳದಿ ಕೊರಳು ಎಷ್ಟು ಚೆನ್ನಾಗಿ ಕಾಣ್ತು!"

ಪರದೆಯ ಮೇಲೆ ಇರುವುದು ಪೊದೆಯ ನಡುವೆ ಒಂದು ಮಬ್ಬು ಚುಕ್ಕೆ. ತಂದೆಗೆ ಅಂಗಡಿಯವನ ಮೇಲೆ ಅನುಮಾನ, ಸ್ವಲ್ಪ ಮಗನ ಮೇಲೂ. ಇಂಥ ಪ್ರಸಂಗ ಯಾವ ಮನೆಯಲ್ಲಾದರೂ ನಡೆದೀತು. ಆದರೆ ಹುಡುಗ ಸುಳ್ಳು ಹೇಳಿಲ್ಲ. ಅವನು ಕಂಡದ್ದು ಒಂದು, ಯಂತ್ರ ಹಿಡಿದದ್ದು ಇನ್ನೊಂದು. ಈ ಬಗೆಯ ಬಹುತೇಕ ದುರ್ಬೀನುಗಳಲ್ಲಿ ಕಣ್ಣಿಗೆ ಹೋಗುವ ಬೆಳಕು ಕ್ಯಾಮೆರಾಕ್ಕೆ ಹೋಗುವುದೇ ಇಲ್ಲ ಎಂಬುದು ಕೊಳ್ಳುವವರಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ.

ಸಾಮಾನ್ಯ ದುರ್ಬೀನು ಎಂದರೆ ಅಕ್ಕಪಕ್ಕ ಜೋಡಿಸಿದ ಎರಡು ದೂರದರ್ಶಕಗಳು. ಮುಂದಿನ ದೊಡ್ಡ ವಸ್ತು ಮಸೂರ ಬಿಂಬವನ್ನು ತಲೆಕೆಳಗಾಗಿ ಮೂಡಿಸುತ್ತದೆ. ನಡುವಿನ ಪಟ್ಟಕಗಳು ಬೆಳಕನ್ನು ಪೂರ್ಣಾಂತರಿಕ ಪ್ರತಿಫಲನದಿಂದ ಹಿಂದೆ ಮುಂದೆ ತಿರುಗಿಸಿ ಬಿಂಬವನ್ನು ನೆಟ್ಟಗೆ ನಿಲ್ಲಿಸುತ್ತವೆ. ಇಟಲಿಯ ಇಗ್ನಾಜಿಯೊ ಪೊರೊ ಈ ಉಪಾಯಕ್ಕೆ 1854ರಲ್ಲಿ ಪೇಟೆಂಟ್ ಪಡೆದ. ಜರ್ಮನಿಯ ಝೈಸ್ ಕಂಪನಿ 1894ರಿಂದ ಅದನ್ನು ಬಳಸಿ ಇಂದಿನ ರೂಪದ ದುರ್ಬೀನುಗಳನ್ನು ಮಾರಿತು. ಮೈಮೇಲೆ ಬರೆದಿರುವ 8×42 ಎಂಬುದರಲ್ಲಿ 8 ಎಂದರೆ ವರ್ಧನೆ, 42 ಎಂದರೆ ವಸ್ತು ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ.

ಇದರೊಳಗೆ ಕ್ಯಾಮೆರಾ ತೂರಿಸುವ ಆಸೆ ಡಿಜಿಟಲ್ ಯುಗದ್ದೇನಲ್ಲ. 1950ರ ದಶಕದಲ್ಲೇ ಜರ್ಮನಿಯಲ್ಲಿ ಕ್ಯಾಂಬಿನಾಕ್ಸ್ ಎಂಬ ದುರ್ಬೀನು ತಯಾರಾಗಿತ್ತು. ಒಳಗೆ ಪುಟ್ಟ ಫಿಲಂ ಸುರುಳಿ. 2000ದ ದಶಕದ ಮೊದಲ ವರ್ಷಗಳಲ್ಲಿ ಪೆಂಟಾಕ್ಸ್, ಬುಶ್‌ನೆಲ್ ಮೊದಲಾದ ಕಂಪನಿಗಳು ಡಿಜಿಟಲ್ ಮಾದರಿಗಳನ್ನು ತಂದವು. 2011ರಲ್ಲಿ ಸೋನಿ ಬೇರೆಯೇ ದಾರಿ ಹಿಡಿಯಿತು. ಅದರ ದುರ್ಬೀನಿನಲ್ಲಿ ಎರಡೂ ನಳಿಗೆಗಳ ಹಿಂದೆ ಸಂವೇದಕಗಳು, ಕಣ್ಣಿನ ಮುಂದೆ ಎರಡು ಪುಟ್ಟ ಪರದೆಗಳು. ಅಲ್ಲಿ ಕಂಡದ್ದೇ ದಾಖಲಾಗುತ್ತಿತ್ತು, ನಿಜ. ಆದರೆ ನೋಡುವವನು ಹಕ್ಕಿಯನ್ನಲ್ಲ, ಹಕ್ಕಿಯ ಟೀವಿಯನ್ನು ನೋಡುತ್ತಿದ್ದ!

ಉಳಿದ ಹೆಚ್ಚಿನವುಗಳ ಕಟ್ಟಣೆ ಒಂದೇ ಬಗೆ. ಎರಡು ನಳಿಗೆಗಳ ನಡುವೆ ಅಥವಾ ಮೇಲೆ ಮೂರನೆಯದೊಂದು ಚಿಕ್ಕ ಮಸೂರ, ಅದರ ಹಿಂದೆ ಸಂವೇದಕ. ಎರಡು ಕಣ್ಣು ನೋಡುವವನಿಗೆ, ಮೂರನೆಯದು ಯಂತ್ರಕ್ಕೆ. ಶಿವನ ಮೂರನೆಯ ಕಣ್ಣಿಗಿದ್ದ ಶಕ್ತಿ ಇದಕ್ಕಿಲ್ಲ. ದುರ್ಬೀನಿನ ಮಸೂರ 42 ಮಿ.ಮೀ. ಇದ್ದು ಕ್ಯಾಮೆರಾದ್ದು 12 ಮಿ.ಮೀ. ಇದ್ದರೆ, ವಿಸ್ತೀರ್ಣದ ಲೆಕ್ಕದಲ್ಲಿ ಅದು ಸಂಗ್ರಹಿಸುವ ಬೆಳಕು ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಅಗ್ಗದ ಮಾದರಿಗಳಲ್ಲಿ ಇನ್ನೊಂದು ತೊಡಕಿದೆ. ನಡುವಿನ ಚಕ್ರ ತಿರುಗಿಸಿದಾಗ ಕಣ್ಣಿನ ಬಿಂಬ ಸ್ಪಷ್ಟವಾಗುತ್ತದೆ; ಕ್ಯಾಮೆರಾದ ಮಸೂರ ಮಾತ್ರ ಕಾರ್ಖಾನೆಯಲ್ಲಿ ಒಮ್ಮೆ ಕೂರಿಸಿದ ಜಾಗದಲ್ಲೇ ಕುಳಿತಿರುತ್ತದೆ. ನೋಡುವವನು ಎಷ್ಟು ತಿರುಗಿಸಿದರೂ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ.

ಈಗ ಹಕ್ಕಿಯ ವಿಷಯಕ್ಕೆ ಬರೋಣ. ನಂದಿಯ ಸುತ್ತಲ ಬಂಡೆಗುಡ್ಡಗಳ ಸೀಮೆಯಲ್ಲಿ ಪಕ್ಷಿಪ್ರಿಯರು ಹುಡುಕಿಕೊಂಡು ಬರುವ ಹಕ್ಕಿ ಹಳದಿ ಕೊರಳಿನ ಪಿಕಳಾರ. ಜರ್ಡನ್ ಎಂಬ ಆಂಗ್ಲ ವೈದ್ಯ 1845ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ದಕ್ಷಿಣ ಭಾರತದ ಕಲ್ಲುಗುಡ್ಡಗಳ ಕುರುಚಲು ಕಾಡು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇದಕ್ಕೆ ನೆಲೆಯಿಲ್ಲ. ಅಪಾಯದ ಅಂಚಿಗೆ ಸರಿಯುತ್ತಿರುವ ಪಕ್ಷಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರಿದೆ. ಬಂಡೆ ಹೋದರೆ ಹಕ್ಕಿಯೂ ಹೋಯಿತು. ಕಲ್ಲು ಗಣಿಗಾರಿಕೆ ಕಂಡ ಈ ಜಿಲ್ಲೆಯವರಿಗೆ ಹೆಚ್ಚು ಹೇಳಬೇಕಿಲ್ಲ. ಆದ್ದರಿಂದ ಯಾವ ಗುಡ್ಡದಲ್ಲಿ, ಯಾವ ದಿನ ಅದು ಕಂಡಿತು ಎಂಬ ಪ್ರತಿ ದಾಖಲೆಗೂ ಬೆಲೆಯಿದೆ.

ಸಮಸ್ಯೆ ಏನೆಂದರೆ, ಅದೇ ಕುರುಚಲಿನಲ್ಲಿ ಬಿಳಿಹುಬ್ಬಿನ ಪಿಕಳಾರವೂ ಇರುತ್ತದೆ. ಎರಡೂ ಸುಮಾರು 20 ಸೆಂ.ಮೀ. ಉದ್ದ, ಎರಡಕ್ಕೂ ಬಾಲದ ಬುಡದಡಿ ಹಳದಿ ಛಾಯೆ. ಒಂದಕ್ಕೆ ಕಣ್ಣಿನ ಮೇಲೆ ಬಿಳಿಯ ಹುಬ್ಬು. ಇನ್ನೊಂದಕ್ಕೆ ಹಳದಿ ಬೆರೆತ ಹಸಿರು ತಲೆ, ಹೊಳೆಯುವ ಹಳದಿ ಕೊರಳು, ಬೂದು ಎದೆ. ಗುರುತು ಹಿಡಿಯಲು ಆ ಕೊರಳು ಕಾಣಬೇಕು. ಅದರ ಅಳತೆ 2 ಸೆಂ.ಮೀ. ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಬಹುದು. ಹೈಸ್ಕೂಲು ಗಣಿತ ಸಾಕು.

ಹಕ್ಕಿ 40 ಮೀಟರ್ ದೂರದಲ್ಲಿದೆ. ಕ್ಯಾಮೆರಾದ ನೋಟದ ಅಗಲ 6 ಡಿಗ್ರಿ. ಅಂದರೆ ಹಕ್ಕಿ ಇರುವಲ್ಲಿ ಚಿತ್ರದ ಅಗಲಕ್ಕೆ ಸುಮಾರು 4.2 ಮೀಟರ್ ಜಾಗ ಹಿಡಿಸುತ್ತದೆ. ಸಂವೇದಕದಲ್ಲಿ ಅಡ್ಡಲಾಗಿ 640 ಪಿಕ್ಸೆಲ್‌ಗಳಿದ್ದರೆ ಒಂದೊಂದು ಪಿಕ್ಸೆಲ್‌ನ ಪಾಲಿಗೆ ಬರುವುದು ಆರೂವರೆ ಮಿಲಿಮೀಟರ್. ಇಡೀ ಹಕ್ಕಿ ಸುಮಾರು 30 ಚುಕ್ಕೆ, ಕೊರಳು ಮೂರೇ ಚುಕ್ಕೆ! 3 ಮೆಗಾಪಿಕ್ಸೆಲ್ ಸಂವೇದಕದಲ್ಲಿ ಅಡ್ಡಲಾಗಿ 2,048 ಪಿಕ್ಸೆಲ್. ಆಗ ಹಕ್ಕಿಗೆ ಸುಮಾರು 98, ಕೊರಳಿಗೆ 10.

ಮೂರು ಚುಕ್ಕೆಯಾದರೂ ಹಳದಿಯಾಗಿದ್ದರೆ ಸಾಕಲ್ಲವೇ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಅಲ್ಲೂ ಒಂದು ಸೂಕ್ಷ್ಮವಿದೆ. ಸಾಮಾನ್ಯ ಸಂವೇದಕದ ಪ್ರತಿ ಪಿಕ್ಸೆಲ್‌ನ ಮೇಲೆ ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಒಂದೇ ಬಣ್ಣವನ್ನು ಒಳಬಿಡುವ ಸೋಸುಗ ಇರುತ್ತದೆ. ಉಳಿದೆರಡು ಬಣ್ಣಗಳನ್ನು ಯಂತ್ರ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ ಅಂದಾಜು ಮಾಡುತ್ತದೆ. ಹಳದಿ ಎಂದರೆ ಕೆಂಪು, ಹಸಿರು ಎರಡರ ಕೂಟ. ಅದಕ್ಕೆಂದೇ ಮೀಸಲಾದ ಪಿಕ್ಸೆಲ್ ಇಲ್ಲ. ಮೂರೇ ಚುಕ್ಕೆಯ ಕೊರಳಿನ ಒಂದು ಪಕ್ಕದಲ್ಲಿ ಹಸಿರು ತಲೆ, ಇನ್ನೊಂದು ಪಕ್ಕದಲ್ಲಿ ಬೂದು ಎದೆ ಇರುವಾಗ ಆ ಅಂದಾಜು ಎಲ್ಲಿಗೆ ಹೋದೀತು ಹೇಳಲಾಗದು. ಇನ್ನು ಕೆಲವು ಅಗ್ಗದ ಪೆಟ್ಟಿಗೆಗಳ ಮೇಲೆ ಅಚ್ಚಾಗಿರುವ ದೊಡ್ಡ ಮೆಗಾಪಿಕ್ಸೆಲ್ ಸಂಖ್ಯೆಯಂತೂ ಪಿಕ್ಸೆಲ್‌ಗಳ ನಡುವೆ ಲೆಕ್ಕದಿಂದ ತುಂಬಿಸಿದ ಸುಳ್ಳು ಪಿಕ್ಸೆಲ್‌ಗಳದ್ದು. ಹಾಲಿಗೆ ನೀರು ಬೆರೆಸಿದರೆ ಲೀಟರು ಹೆಚ್ಚುತ್ತದೆ, ಕೆನೆ ಹೆಚ್ಚುವುದಿಲ್ಲ.

ಹುಡುಗನ ಕಣ್ಣಿಗೆ ಕಂಡದ್ದು ಹೇಗೆ ಹಾಗಾದರೆ? ಆರೋಗ್ಯವಂತ ಕಣ್ಣು ಸುಮಾರು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ವಿವರವನ್ನು ಬೇರ್ಪಡಿಸಬಲ್ಲುದು. ಮುಂದೆ 8 ಪಟ್ಟು ವರ್ಧನೆ ಇಟ್ಟರೆ 40 ಮೀಟರ್ ದೂರದಲ್ಲಿ ಅದು ಸುಮಾರು ಒಂದೂವರೆ ಮಿಲಿಮೀಟರ್. ಅಂದರೆ ಅವನ ಕಣ್ಣು 3 ಮೆಗಾಪಿಕ್ಸೆಲ್ ಸಂವೇದಕಕ್ಕಿಂತ ಮುಂದಿತ್ತು. ಅದಲ್ಲದೆ ಕಣ್ಣು ಒಂದೇ ಚಿತ್ರ ತೆಗೆದು ಸುಮ್ಮನಾಗುವುದಿಲ್ಲ. ಹಕ್ಕಿ ಕತ್ತು ಹೊರಳಿಸಿದ್ದು, ಬಾಲ ಕುಣಿಸಿದ್ದು, ನೆರಳಿನಿಂದ ಬಿಸಿಲಿಗೆ ಸರಿದದ್ದು ಎಲ್ಲವನ್ನೂ ಕೂಡಿಸಿ ಮಿದುಳು ಒಂದು ತೀರ್ಮಾನಕ್ಕೆ ಬರುತ್ತದೆ. ಕ್ಯಾಮೆರಾಕ್ಕೆ ಸಿಗುವುದು ಒಂದು ಕ್ಷಣ. ಅದೂ ಗುಂಡಿ ಒತ್ತಿದ ಬೆರಳಿನ ಅದುರಿನೊಂದಿಗೆ.

ಹಾಗೆಂದು ಕಣ್ಣನ್ನೇ ನಂಬಿ ಕ್ಯಾಮೆರಾ ಎಸೆಯಿರಿ ಎನ್ನುವಂತಿಲ್ಲ. ಕಂಡೆ ಎಂಬುದನ್ನು ಇನ್ನೊಬ್ಬರು ನಂಬಬೇಕಲ್ಲ! ಜರ್ಡನ್ ಕಾಲದಲ್ಲಿ ಸಾಕ್ಷಿ ಎಂದರೆ ಕೋವಿಯಿಂದ ಹೊಡೆದ ಹಕ್ಕಿಯ ಚರ್ಮ. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದಾಗಲೂ ಚರ್ಮ ಸಂಗ್ರಹ ಕೆಲಸದ ಭಾಗವಾಗಿತ್ತು. ಆಮೇಲೆ ಬಂದವರು ದುರ್ಬೀನು, ನೋಟ್‌ಬುಕ್ ಹಿಡಿದವರು. ಬೆಂಗಳೂರಿನಲ್ಲಿ 1970ರ ದಶಕದಿಂದ ಪಕ್ಷಿವೀಕ್ಷಕರ ಫೀಲ್ಡ್ ಕ್ಲಬ್ಬಿನವರು ಲಾಲ್‌ಬಾಗಿನಲ್ಲಿ ನಡೆಸುತ್ತ ಬಂದ ಭಾನುವಾರದ ನಡಿಗೆಗಳಲ್ಲಿ ಎಷ್ಟೋ ಜನ ಕಲಿತದ್ದು ಹಾಗೆಯೇ. ಈಗ ಇ-ಬರ್ಡ್‌ನಂಥ ಜಾಗತಿಕ ದಾಖಲೆಗೆ ಹಳ್ಳಿಯ ಹುಡುಗಿಯೂ ತನ್ನ ಪಟ್ಟಿ ಸೇರಿಸಬಹುದು; ಅಪರೂಪದ ಹಕ್ಕಿಯಾದರೆ ಪರಿಶೀಲಿಸುವವರು ವಿವರಣೆ ಅಥವಾ ಚಿತ್ರ ಕೇಳುತ್ತಾರೆ. ಮಬ್ಬು ಚಿತ್ರವೂ ಅಲ್ಲಿ ಕೆಲಸಕ್ಕೆ ಬರುತ್ತದೆ, ಜೊತೆಗೆ ಕಂಡ ಕೂಡಲೇ ಬರೆದ ನಾಲ್ಕು ಸಾಲು ಇದ್ದರೆ. ತಲೆಯ ಬಣ್ಣ, ಕೊರಳು, ಹುಬ್ಬು ಇತ್ತೇ ಇಲ್ಲವೇ, ಕೂಗು, ಹೊತ್ತು, ಸ್ಥಳ. ಚಿತ್ರ ನೋಡಿದ ಮೇಲೆ ಬರೆದರೆ ಚಿತ್ರದಲ್ಲಿರುವುದನ್ನೇ ಬರೆದಂತಾಗುತ್ತದೆ. ಮೊದಲು ಪೆನ್ಸಿಲು, ಆಮೇಲೆ ಪರದೆ.

ಹೆಸರು ಹೇಳುವ ದುರ್ಬೀನೂ ಬಂದಿದೆ. ಆಸ್ಟ್ರಿಯಾದ ಸ್ವರೋವ್‌ಸ್ಕಿ ಆಪ್ಟಿಕ್ 2024ರಲ್ಲಿ ಬಿಡುಗಡೆ ಮಾಡಿದ ಎಎಕ್ಸ್ ವಿಸಿಯೊ ಎಂಬ 10×32 ದುರ್ಬೀನಿನಲ್ಲಿ 13 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ. ಹಕ್ಕಿಯತ್ತ ತಿರುಗಿಸಿ ಗುಂಡಿ ಒತ್ತಿದರೆ ಅದರ ಹೆಸರು ನೋಟದೊಳಗೇ ಅಕ್ಷರಗಳಲ್ಲಿ ಮೂಡುತ್ತದೆ. 9,000ಕ್ಕೂ ಹೆಚ್ಚು ಜಾತಿಗಳನ್ನು ಅದು ಗುರುತಿಸುತ್ತದೆ ಎನ್ನುತ್ತದೆ ಕಂಪನಿ. ಬಿಡುಗಡೆಯ ಹೊತ್ತಿನ ಬೆಲೆ ನಮ್ಮ ಲೆಕ್ಕದಲ್ಲಿ ನಾಲ್ಕು ಲಕ್ಷ ರೂಪಾಯಿಗೂ ಮೇಲೆ. ಅದರೊಳಗೆ ಹಕ್ಕಿಯ ಹೆಸರು ಹೇಳುವ ವಿದ್ಯೆ ಕಾರ್ನೆಲ್ ವಿಶ್ವವಿದ್ಯಾಲಯದವರ ಮರ್ಲಿನ್ ತಂತ್ರಾಂಶದ್ದು. ಅದೇ ಮರ್ಲಿನ್ ಫೋನಿಗೆ ಪುಕ್ಕಟೆಯಾಗಿ ಸಿಗುತ್ತದೆ, ಯಾವ ಕ್ಯಾಮೆರಾದ ಚಿತ್ರ ಕೊಟ್ಟರೂ ನೋಡಿ ಹೇಳುತ್ತದೆ ಎಂಬುದನ್ನು ತಂದೆತಾಯಿಗಳು ನೆನಪಿಟ್ಟುಕೊಂಡರೆ ಒಳ್ಳೆಯದು.

ಕೈಗೆಟಕುವ ದಾರಿ ಬೇರೆ ಇದೆ. 1999ರಲ್ಲಿ ಮಲೇಷ್ಯಾದ ಪಕ್ಷಿವೀಕ್ಷಕ ಲಾರೆನ್ಸ್ ಪೋ ತನ್ನ ದೂರದರ್ಶಕದ ನೇತ್ರ ಮಸೂರಕ್ಕೆ ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದು ಚಿತ್ರ ತೆಗೆದು ನೋಡಿದ. ಅಚ್ಚರಿಯಾಗುವಷ್ಟು ಸ್ಪಷ್ಟ. ಈಗ ಅದೇ ಕೆಲಸವನ್ನು ಸಾದಾ ದುರ್ಬೀನು, ಮನೆಯಲ್ಲಿರುವ ಮೊಬೈಲು ಫೋನು ಮಾಡುತ್ತವೆ. ದುರ್ಬೀನನ್ನು ಕಣ್ಣಿಂದ ಒಂದು ಮೊಳ ದೂರ ಹಿಡಿದು ಬಿಳಿಯ ಮೋಡದತ್ತ ತಿರುಗಿಸಿದರೆ ನೇತ್ರ ಮಸೂರದಲ್ಲಿ ಪುಟ್ಟ ಬೆಳಕಿನ ಬಿಲ್ಲೆ ತೇಲುತ್ತದೆ. 8×42ರಲ್ಲಿ ಅದರ ಅಗಲ 42ನ್ನು 8ರಿಂದ ಭಾಗಿಸಿದಷ್ಟು, ಸುಮಾರು 5 ಮಿ.ಮೀ. ಫೋನಿನ ಮಸೂರವನ್ನು ಸರಿಯಾಗಿ ಆ ಬಿಲ್ಲೆಯ ಜಾಗಕ್ಕೆ ತಂದರೆ ಕಣ್ಣಿಗೆ ಹೋಗಬೇಕಾದ ಬೆಳಕೇ ಕ್ಯಾಮೆರಾಕ್ಕೆ ಹೋಗುತ್ತದೆ. ದುರ್ಬೀನಿನ ಪೂರ್ತಿ ವರ್ಧನೆ, ಅದೇ ಸ್ಪಷ್ಟತೆ. 12 ಮೆಗಾಪಿಕ್ಸೆಲ್ ಫೋನಿನಲ್ಲಿ ನಮ್ಮ 40 ಮೀಟರ್ ದೂರದ ಹಕ್ಕಿಗೆ ಸುಮಾರು 130 ಪಿಕ್ಸೆಲ್ ಸಿಗುತ್ತವೆ. ಕಷ್ಟವೆಂದರೆ ಕೈ ನಿಲ್ಲುವುದಿಲ್ಲ. ದುರ್ಬೀನನ್ನು ಬಂಡೆಯ ಮೇಲೋ ಮಡಿಸಿದ ಟವೆಲಿನ ಮೇಲೋ ಊರಿ, ಫೋನನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದುಕೊಳ್ಳಬೇಕು. ಚಂದ್ರನ ಮೇಲೆ ಮೊದಲು ಅಭ್ಯಾಸ ಮಾಡಿದರೆ ಉತ್ತಮ, ಅದು ಹಾರಿಹೋಗುವುದಿಲ್ಲ.

ಚಂದ್ರ ಸರಿ, ಸೂರ್ಯ ಬೇಡವೇ ಬೇಡ. ಸ್ಕಂದಗಿರಿಗೆ ಹೆಚ್ಚಿನವರು ಏರುವುದೇ ಮೋಡದ ಕಡಲಿನ ಮೇಲೆ ಸೂರ್ಯೋದಯ ನೋಡಲು. ಬೆಳಗಿನ ಸೂರ್ಯ ಮಬ್ಬಾಗಿ ಕಾಣುತ್ತಾನೆಂದು ದುರ್ಬೀನು ಎತ್ತಿದರೆ ಬರಿಗಣ್ಣಿಗೆ ಹೋಗುವುದರ ಹತ್ತಾರು ಪಟ್ಟು ಬೆಳಕು, ಶಾಖ ಕಣ್ಣೊಳಗೆ ನುಗ್ಗುತ್ತದೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಸುಟ್ಟದ್ದು ಆ ಕ್ಷಣಕ್ಕೆ ತಿಳಿಯುವುದೂ ಇಲ್ಲ. ಹಿಂಬದಿಯ ಪರದೆಯಲ್ಲಷ್ಟೇ ನೋಡುತ್ತೇನೆ ಎನ್ನುವ ಮಕ್ಕಳಿಗೂ ಅಭ್ಯಾಸಬಲದಿಂದ ದುರ್ಬೀನು ಕಣ್ಣಿಗೆ ಹೋಗುತ್ತದೆ. ಸಂವೇದಕ ಸುಟ್ಟರೆ ಹೊಸದು ತರಬಹುದು. ಕಣ್ಣಿಗೆ ಬಿಡಿಭಾಗ ಸಿಗುವ ಅಂಗಡಿ ಇಲ್ಲ.

ಇಷ್ಟಾದ ಮೇಲೂ ಕ್ಯಾಮೆರಾ ದುರ್ಬೀನೇ ಬೇಕು ಎನ್ನುವ ಮನೆಗಳು ಇದ್ದೇ ಇರುತ್ತವೆ. ಕೊಂಡಾಗಿದೆ ಎನ್ನುವವರೂ ಇದ್ದಾರೆ. ಅವರಿಗೊಂದು ಪ್ರಯೋಗ. ರಟ್ಟಿನಲ್ಲಿ 20 ಸೆಂ.ಮೀ. ಉದ್ದದ ಎರಡು ಹಕ್ಕಿ ಕತ್ತರಿಸಿ ಬೂದು ಬಣ್ಣ ಬಳಿಯಿರಿ. ಒಂದಕ್ಕೆ 2 ಸೆಂ.ಮೀ. ಅಗಲದ ಹಳದಿ ಕೊರಳು, ಇನ್ನೊಂದಕ್ಕೆ ತೆಳುವಾದ ಬಿಳಿ ಹುಬ್ಬು. ಶಾಲೆಯ ಮೈದಾನದ ಒಂದು ಕೊನೆಯ ಪೊದೆಗೆ ಇವೆರಡರಲ್ಲಿ ಒಂದನ್ನು ಗೆಳೆಯನೊಬ್ಬ ಸಿಕ್ಕಿಸಲಿ, ಯಾವುದೆಂದು ಹೇಳದೆ. 40 ಮೀಟರ್ ಅಳೆದು ನಿಂತು ಮೊದಲು ಕಣ್ಣಿನಿಂದ ನೋಡಿ ಬರೆದುಕೊಳ್ಳಿ, ಆಮೇಲೆ ಚಿತ್ರ ತೆಗೆಯಿರಿ, ಆಮೇಲೆ ಫೋನು ಹಿಡಿದು ಇನ್ನೊಂದು. ಮೂರನ್ನೂ ಬೇರೆ ಬೇರೆ ಗೆಳೆಯರು ಗುರುತಿಸಲಿ. ಬೆಳಿಗ್ಗೆ ಆರೂವರೆಗೆ ಒಮ್ಮೆ, ಹತ್ತು ಗಂಟೆಗೆ ಒಮ್ಮೆ ಮಾಡಿ ಹತ್ತು ಸಲಕ್ಕೆ ಎಷ್ಟು ಸಲ ಸರಿಯಾಯಿತು ಎಂದು ಕೋಷ್ಟಕ ಹಾಕಿ. ಅಂಗಡಿಯವರು ಒಪ್ಪಿದರೆ ಕೊಳ್ಳುವ ಮುನ್ನವೇ, ರಸ್ತೆಯ ಆಚೆ ಬದಿಯ ಗೋಡೆಗೆ ರಟ್ಟಿನ ಹಕ್ಕಿ ಆನಿಸಿಟ್ಟೂ ಇದನ್ನು ಮಾಡಬಹುದು.