ಭೂತಾನಿನ 1,200 ರೂಪಾಯಿ ನ್ಯಾಯವಾದದ್ದೇ

ಮೂಡಿಗೆರೆ ಕಡೆಯ ನಮ್ಮ ಹೋಂಸ್ಟೇಗೆ ಬರುವವರಿಗೆ ನಾನು ಭೂತಾನ್ ನೋಡಿದವಳು ಎಂದು ಗೊತ್ತಾದರೆ ಮೊದಲು ವಿಚಾರಿಸುವುದು ಅಲ್ಲಿನ ಶುಲ್ಕವನ್ನು. ಭಾರತೀಯರು ತಲಾ ಒಂದು ರಾತ್ರಿಗೆ 1,200 ರೂಪಾಯಿ ‘ಸುಸ್ಥಿರ ಅಭಿವೃದ್ಧಿ ಶುಲ್ಕ’ ಕಟ್ಟಬೇಕು. ಹೋಟೆಲ್, ಊಟ, ಕಾರಿನ ಖರ್ಚು ಬೇರೆ. ಗಂಡ-ಹೆಂಡತಿ ಐದು ರಾತ್ರಿ ಉಳಿದರೆ ಶುಲ್ಕವೇ 12,000 ಆಗುತ್ತದೆ. ‘ಪಕ್ಕದ ದೇಶ ಅಲ್ವಾ, ನಮ್ಮ ರೂಪಾಯೇ ನಡೆಯುತ್ತೆ, ನಮಗ್ಯಾಕೆ ಶುಲ್ಕ?’ ಎನ್ನುತ್ತಾರೆ. ಪ್ರವಾಸಿಗರಿಂದಲೇ ಜೀವನ ನಡೆಸುವ ನನಗೆ ಈ ಶುಲ್ಕ ಪೂರ್ತಿ ನ್ಯಾಯವಾಗಿ ಕಾಣುತ್ತದೆ.

ಭೂತಾನಿನ ವಿಸ್ತೀರ್ಣ ಕರ್ನಾಟಕದ ಐದನೇ ಒಂದು ಪಾಲು. ಜನಸಂಖ್ಯೆ ನಮ್ಮ ಚಿಕ್ಕಮಗಳೂರು ಜಿಲ್ಲೆಗಿಂತಲೂ ಕಡಿಮೆ. ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಪಟ್ಟಾಭಿಷೇಕ ನಡೆದ 1974ರಲ್ಲಿ ದೇಶ ಪ್ರವಾಸಿಗರಿಗೆ ತೆರೆದುಕೊಂಡಾಗ ಬಂದವರು 287 ಮಂದಿ. 2019ರ ಹೊತ್ತಿಗೆ ಆ ಸಂಖ್ಯೆ 3.15 ಲಕ್ಷ ದಾಟಿತು. ದೂರದ ದೇಶದವರು ಆಗ ದಿನಕ್ಕೆ ಕನಿಷ್ಠ 200ರಿಂದ 250 ಡಾಲರ್ ಪ್ಯಾಕೇಜಿನಲ್ಲೇ ಬರಬೇಕಿತ್ತು. ಅದರಲ್ಲಿ 65 ಡಾಲರ್ ಸರ್ಕಾರಕ್ಕೆ ಸೇರಿ, ಅಲ್ಲಿನವರ ಉಚಿತ ಶಿಕ್ಷಣ, ಚಿಕಿತ್ಸೆಗೆ ನೆರವಾಗುತ್ತಿತ್ತು. ಭಾರತ, ಬಾಂಗ್ಲಾದೇಶ, ಮಾಲ್ಡೀವ್ಸ್‌ನವರಿಗೆ ಇದ್ಯಾವುದೂ ಇರಲಿಲ್ಲ. ಆದರೆ 2019ರಲ್ಲಿ ಬಂದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ಈ ಮೂರು ದೇಶದವರೇ. ಅದೇ ವರ್ಷ ಬೈಕಿನಲ್ಲಿ ಹೋದ ಭಾರತೀಯನೊಬ್ಬ ದೋಚುಲಾ ಕಣಿವೆದಾರಿಯ ಪವಿತ್ರ ಸ್ತೂಪವೊಂದರ ಮೇಲೆ ಹತ್ತಿ ನಿಂತ ಫೋಟೊ ಹರಿದಾಡಿ ಇಡೀ ಭೂತಾನ್ ನೊಂದುಕೊಂಡಿತು. ಮರುವರ್ಷ ಅಲ್ಲಿನ ಸಂಸತ್ತು ನಮ್ಮ ಮೇಲೂ ಶುಲ್ಕ ಹಾಕಿತು. ಅಷ್ಟರಲ್ಲಿ ಕೊರೊನಾ ಗಡಿ ಮುಚ್ಚಿಸಿತ್ತು. 2022ರ ಸೆಪ್ಟೆಂಬರ್ 23ರಂದು ಮತ್ತೆ ತೆರೆದಾಗ ಫುಂಟ್‌ಶೋಲಿಂಗ್ ಗಡಿಯಲ್ಲಿ ನಾವೂ ದುಡ್ಡು ಕಟ್ಟುವವರಾದೆವು.

ಆ ದೇಶದ ಮನಸ್ಸು ನನಗೆ ಅರ್ಥವಾದದ್ದು ಫೋಬ್ಜಿಖಾದಲ್ಲಿ. ಅಗಲವಾದ ಜೌಗುಬಯಲಿನ ಕಣಿವೆ, ಸುತ್ತ ಆಲೂಗಡ್ಡೆ ಹೊಲಗಳು, ಮೇಲೆ ಗಾಂಗ್ಟೇ ಮಠ. ಚಳಿಗಾಲಕ್ಕೆ ಟಿಬೆಟ್ಟಿನಿಂದ ಕಪ್ಪುಕತ್ತಿನ ಕೊಕ್ಕರೆಗಳು ಇಲ್ಲಿಗೆ ಇಳಿಯುತ್ತವೆ. ಕಣಿವೆಗೆ ಕರೆಂಟು ತರುವಾಗ ಹಕ್ಕಿಗಳು ತಂತಿಗೆ ಬಡಿದು ಸಾಯದಿರಲೆಂದು ಕೇಬಲ್ಲುಗಳನ್ನು ನೆಲದಡಿ ಹಾಕಿದ್ದಾರೆ. ನಾವು ಉಳಿದದ್ದು ಒಬ್ಬ ರೈತರ ಮನೆಯಲ್ಲಿ. ಬುಖಾರಿ ಒಲೆಯ ಸುತ್ತ ಕೂರಿಸಿ, ಕೆಂಪಕ್ಕಿ ಅನ್ನಕ್ಕೆ ಎಮಾ ದಾತ್ಶಿ ಬಡಿಸಿದರು. ಮೆಣಸಿನಕಾಯಿಯನ್ನೇ ತರಕಾರಿಯಂತೆ ಚೀಸಿನಲ್ಲಿ ಬೇಯಿಸಿದ ಪಲ್ಯ ಅದು. ಸಂಜೆ ಕಲ್ಲುಗಳನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಮರದ ತೊಟ್ಟಿಯ ನೀರಿಗೆ ಹಾಕಿ ಸ್ನಾನಕ್ಕೆ ಕರೆದರು. ತಾವು ಉಣ್ಣುವುದನ್ನೇ ನಮಗೂ ಬಡಿಸಿದರು, ತಮ್ಮ ಸ್ನಾನವನ್ನೇ ನಮಗೂ ಕಾಯಿಸಿಕೊಟ್ಟರು. ನಮಗಾಗಿ ಈಜುಕೊಳ ತೋಡಿರಲಿಲ್ಲ, ಧ್ವನಿವರ್ಧಕ ಕಟ್ಟಿರಲಿಲ್ಲ. ನನ್ನ ಕಸುಬಿನಲ್ಲಿ ನನಗೆ ಅತಿ ದೊಡ್ಡದಾಗಿ ಕಂಡದ್ದು ಇದೇ.

ಬೇಡ ಅನ್ನುವ ಧೈರ್ಯವೂ ಆ ಸಣ್ಣ ದೇಶಕ್ಕಿದೆ. ದೇವರುಗಳ ನೆಲೆ ಎಂಬ ನಂಬಿಕೆಯಿಂದ 1994ರಲ್ಲಿ 6,000 ಮೀಟರ್ ಮೀರಿದ ಶಿಖರಗಳನ್ನು ಹತ್ತುವುದನ್ನು ನಿಷೇಧಿಸಿದರು, 2003ರಲ್ಲಿ ಪರ್ವತಾರೋಹಣವನ್ನೇ ನಿಲ್ಲಿಸಿದರು. 7,570 ಮೀಟರಿನ ಗಾಂಗ್‌ಖರ್ ಪುಯೆನ್ಸುಮ್ ಶಿಖರವನ್ನು ಇವತ್ತಿಗೂ ಯಾರೂ ಏರಿಲ್ಲ. ನೆಲದ ಶೇ 60ರಷ್ಟಾದರೂ ಸದಾ ಕಾಡಾಗಿರಬೇಕೆಂದು ಸಂವಿಧಾನದಲ್ಲೇ ಬರೆದುಕೊಂಡಿದ್ದಾರೆ.

ಎಲ್ಲವೂ ಸರಿಯಾಗಿ ನಡೆದಿದೆ ಎಂದೇನೂ ಅಲ್ಲ. 2022ರಲ್ಲಿ ದೂರದೇಶದವರ ಶುಲ್ಕವನ್ನು ಒಮ್ಮೆಲೇ 200 ಡಾಲರಿಗೆ ಏರಿಸಿದ್ದು ಅವಸರದ ನಿರ್ಧಾರ. ಎರಡು ವರ್ಷ ಬಾಗಿಲು ಮುಚ್ಚಿ ಸಾಲದಲ್ಲಿದ್ದ ಹೋಟೆಲಿನವರಿಗೆ, ಚಾಲಕರಿಗೆ, ಗೈಡುಗಳಿಗೆ ಅದು ಪೆಟ್ಟು ಕೊಟ್ಟಿತು. ಮರುವರ್ಷವೇ ಅದನ್ನು 100ಕ್ಕೆ ಇಳಿಸಿದರು. ಈ ರಿಯಾಯಿತಿ 2027ರ ಆಗಸ್ಟ್‌ವರೆಗೆ ಇದೆ. ಬಂದವರಲ್ಲಿ ಹೆಚ್ಚಿನವರು ಪಾರೊ, ಥಿಂಫು ನೋಡಿ, ತಕ್ತ್‌ಸಾಂಗ್ ಮಠ ಹತ್ತಿಳಿದು ಹೊರಟುಬಿಡುತ್ತಾರೆ. ಪೂರ್ವದ ಜಿಲ್ಲೆಗಳ ಮನೆಗಳಿಗೆ ಅತಿಥಿಯ ದುಡ್ಡು ತಲುಪುವುದು ಕಡಿಮೆ. ಭೂತಾನ್ ಇದನ್ನು ಸರಿಪಡಿಸದೆ ಶುಲ್ಕವನ್ನಷ್ಟೇ ಏರಿಸಿ ಇಳಿಸಿ ಮಾಡಿದರೆ ಪ್ರಯೋಜನವಿಲ್ಲ.

ಆದರೂ ಮೂಲ ಲೆಕ್ಕ ಸರಿಯಿದೆ. ಬಂದವನು ಊರಿನ ನೀರು, ರಸ್ತೆ, ಕಾಡು ಎಲ್ಲವನ್ನೂ ಬಳಸುತ್ತಾನೆ. ಅದಕ್ಕೆ ಅವನೂ ಪಾಲು ಕೊಡಬೇಕು. ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿ ರಸ್ತೆಯಲ್ಲಿ ನಿಲ್ಲುವ ಕಾರುಗಳ ಸಾಲು ನೋಡಿದವರಿಗೆ, ಸೋಮವಾರ ಬಾಟಲಿ ಹೆಕ್ಕುವವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಭೂತಾನಿಗೆ ಹೊರಟವರಲ್ಲಿ ನನ್ನದೊಂದು ವಿನಂತಿ. ಶುಲ್ಕ ತಪ್ಪಿಸುವ ದಾರಿ ಹುಡುಕಬೇಡಿ. ಆರು ಊರು ಸುತ್ತುವ ಬದಲು ಎರಡು ಊರು ನೋಡಿ. ದೊಡ್ಡ ಹೋಟೆಲು ಬಿಟ್ಟು ಎರಡು ರಾತ್ರಿಯಾದರೂ ಫೋಬ್ಜಿಖಾದಂಥ ಕಣಿವೆಯಲ್ಲಿ ರೈತರ ಮನೆಯಲ್ಲಿ ಉಳಿಯಿರಿ, ಆ ಮನೆಯವರು ಹೇಳಿದ ದರವನ್ನು ಚೌಕಾಸಿ ಮಾಡದೆ ಕೊಡಿ.